ಒಂದೇ ಮನೆಯ ಎರಡು ಶುಗರ್

ಮಗಳು ಮೊದಲ ಸಂಬಳದಲ್ಲಿ ಆಸೆಪಟ್ಟು ತಂದ ಶುಗರ್ ಗ್ಲೈಡರ್ ಜೋಡಿ, ಅವಳಿಗೆ ಬೇರೆ ಊರಿಗೆ ವರ್ಗವಾದ ಮೇಲೆ ಅಮ್ಮನ ಪಾಲಿಗೆ ಬಂತು. ಅಂಗೈಯಗಲದ ಬೂದು ಜೀವಗಳು. ಕೈಕಾಲು ಚಾಚಿದರೆ ಪಕ್ಕೆಯ ತೊಗಲು ಬಿಚ್ಚಿಕೊಂಡು, ಪರದೆಯ ತುದಿಯಿಂದ ಕುರ್ಚಿಯವರೆಗೆ ತೇಲಿ ಬರುತ್ತವೆ. ನೋಡುವವರಿಗೆ ಚೆಂದ, ಸಾಕುವವರನ್ನು ಕೇಳಬೇಕು. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಇಲ್ಲಿ ಬಿಟ್ಟುಕೊಂಡವಳು ಮಗಳು, ಕಚ್ಚಿಸಿಕೊಂಡವಳು ಅಮ್ಮ.

ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಒದ್ದೆ ಹಾಸುಬಟ್ಟೆಗಳನ್ನು ಬಿಸಿ ರೋಲರಿಗೆ ಕೊಟ್ಟು ಕೊಟ್ಟು ಕಾಲು ಕಂಬವಾಗಿರುತ್ತಿತ್ತು. ಮನೆಗೆ ಬಂದರೆ ಸೇಬು ಹೆಚ್ಚಬೇಕು, ಬೇಯಿಸಿದ ಮೊಟ್ಟೆ ಹಿಸುಕಿ ಒಂದು ತೊಟ್ಟು ಜೇನು ಹಾಕಬೇಕು, ತಟ್ಟೆ ತೊಳೆಯಬೇಕು. ಹಳೇ ದಿಂಬಿನ ಚೀಲದಲ್ಲಿ ಹೊಲಿದುಕೊಟ್ಟ ಮಲಗುವ ಸಂಚಿಯಲ್ಲಿ ಒಂದು ಎಳೆ ಬಿಟ್ಟಿದ್ದರೂ ಉಗುರು ಸಿಕ್ಕಿ ಕಾಲು ಊದಿಕೊಳ್ಳುತ್ತದೆ, ಅದನ್ನೂ ನೋಡಬೇಕು. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ನಾಯಿಮರಿಯ ಹಾಗೆ ಬೊಗಳುವುದು ಅವುಗಳ ಜಾತಕ. ತಲೆಯ ಮೇಲೆ ಹತ್ತಿ ಕೂರುವುದು ಎಂದರೇನೆಂದು ಆಕೆಗೆ ಈ ವಯಸ್ಸಿನಲ್ಲಿ ತಿಳಿಯಿತು, ಉಚ್ಚೆ ಸಮೇತ.

"ಒಂದನ್ನಾದ್ರೂ ಯಾರಿಗಾದ್ರೂ ಕೊಟ್ಬಿಡ್ಲಾ?" ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಮಗಳು, "ಬೇಡಮ್ಮಾ, ಒಂಟಿಯಾದ್ರೆ ಕೊರಗಿ ಸಾಯ್ತವೆ" ಅಂದಳು. ಅಮ್ಮ ಕೊರಗುವುದು ಯಾವ ಲೆಕ್ಕ?

ಮನೆಯಲ್ಲಿ ಮೊದಲೇ ಒಂದು ಶುಗರ್ ಇತ್ತು. ಬಸ್ ಓಡಿಸಿ ನಿವೃತ್ತರಾದ ಯಜಮಾನರದು. ದಿನಾ ಇನ್ಸುಲಿನ್, ಮಂಜಾದ ಕಣ್ಣು. "ಅಕ್ಕಾ, ನಿಮ್ಮನೇಲಿ ಒಟ್ಟು ಮೂರು ಶುಗರ್ ಅಲ್ವಾ?" ಎಂದು ಪಕ್ಕದ ಮನೆಯವಳು ನಗುತ್ತಿದ್ದಳು. ಅಮ್ಮ ಮೊದಲ ಸಲ ನಕ್ಕಿದ್ದಳು, ಆಮೇಲೆ ಬಿಟ್ಟಳು.

ಸಂಜೆ ಗೂಡು ತೆರೆಯುವವರು ಯಜಮಾನರೇ. ಆದರೆ ಅವು ನೆಲಕ್ಕಿಳಿದರೆ ಕಣ್ಣು ಕಾಣದೆ ತುಳಿದುಬಿಟ್ಟೇನೆಂಬ ಭಯ. ಕೂಡಲೇ ಎರಡು ಕಾಲನ್ನೂ ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಲಾಂಡ್ರಿಗೆ ಫೋನ್ ಮಾಡುತ್ತಿದ್ದರು: "ಶುಗರ್ ಇಳಿದಿದೆ ಕಣೇ, ಬೇಗ ಬಾ."

ಒಂದು ದಿನ ಇಬ್ಬರು ಕೆಲಸಕ್ಕೆ ಬಂದಿರಲಿಲ್ಲ, ರೋಲರಿನಲ್ಲಿ ಬಟ್ಟೆ ಸಿಕ್ಕಿಕೊಂಡಿತ್ತು. ಮೇಲ್ವಿಚಾರಕ ಬಾಯಿಗೆ ಬಂದ ಹಾಗೆ ಕೂಗಾಡುತ್ತಿದ್ದ. ಅಷ್ಟರಲ್ಲಿ ಫೋನ್. ಯಂತ್ರದ ಗದ್ದಲದಲ್ಲಿ ಕೇಳಿಸಿದ್ದು ಇಷ್ಟೇ: "ಶುಗರ್ ಇಳಿದುಬಿಟ್ಟಿದೆ ಕಣೇ..."

"ಇಳಿದ್ರೆ ಇಳೀಲಿ ಬಿಡ್ರೀ! ನಂಗೆ ಸಾಕಾಗಿಹೋಗಿದೆ. ಏನಾದ್ರೂ ಮಾಡ್ಕೊಳ್ಳಿ!" ಎಂದು ಆಕೆ ಫೋನ್ ಇಟ್ಟಳು.

ಪಾಳಿ ಮುಗಿಸಿ ಬಂದು ದೀಪ ಹಾಕಿದಾಗ ಮೊದಲು ಕಂಡದ್ದು ಗೂಡಿನ ಚಿಲಕ. ಹಾಕಿದ ಹಾಗೇ ಇತ್ತು. ಎರಡೂ ಒಳಗೇ ಇದ್ದು, ಸಂಚಿಯಿಂದ ಕಣ್ಣರಳಿಸಿ ನೋಡುತ್ತಿದ್ದವು. ಹಾಗಾದರೆ ಇಳಿದದ್ದು ಯಾವ ಶುಗರ್?

ಯಜಮಾನರು ಗೂಡಿನ ಪಕ್ಕದಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು. ಮಡಿಲಲ್ಲಿ ಜೇನಿನ ಬಾಟಲಿ, ಗಲ್ಲಕ್ಕೆಲ್ಲ ಜೇನು ಮೆತ್ತಿತ್ತು. ಆಕೆ ಅವರ ಬೆರಳು ಚುಚ್ಚಿ ಮೀಟರಿಗೆ ಹಿಡಿದಳು. ಇಳಿದದ್ದು ಮತ್ತೆ ಏರಿತ್ತು, ಭಯವಿರಲಿಲ್ಲ. ಆಗ ಸಿಟ್ಟು ಬಂತು.

"ಇನ್ನೊಂದ್ಸಲ ಫೋನ್ ಮಾಡೋಕೆ ಏನಾಗಿತ್ತು ನಿಮಗೆ? ಪಕ್ಕದ ಮನೆಯವಳನ್ನಾದ್ರೂ ಕೂಗಬಾರದಿತ್ತಾ?"

"ನಿಂಗೂ ಸಾಕಾಗಿದೆ, ಪಾಪ" ಅಂದರು ಯಜಮಾನರು. "ನೀನು ಹೇಳಿದ್ರಲ್ಲಿ ತಪ್ಪೇನಿಲ್ಲ. ಆಗಿದ್ದಾಗ್ಲಿ ಅಂತ ಸುಮ್ನೆ ಕೂತೆ. ಆಮೇಲೆ ಯಾಕೋ ಹೆದರಿಕೆಯಾಯ್ತು."

ಆಕೆ ಒದ್ದೆ ಬಟ್ಟೆ ತಂದು ಅವರ ಗಲ್ಲ ಒರೆಸಿದಳು. "ನಾನು ಆ ಪ್ರಾಣಿಗಳಿಗೆ ಅಂದದ್ದು ಕಣ್ರೀ, ನಿಮಗಲ್ಲ. ನಿಮಗೆ ಹಾಗನ್ತೀನಾ?"

"ಹೌದಾ?" ಎಂದು ಅವರು ನಂಬಿದವರ ಹಾಗೆ ತಲೆಯಾಡಿಸಿದರು.