ಬಿಸಿಲಿಗೆ ಬಂದ ಕರಿಹಲಗೆ

ನಮ್ಮ ವ್ಯಾಕರಣದ ಮಾಸ್ತರರಿಗೆ ಅರ್ಧ ವಾಕ್ಯ ಕಂಡರೆ ಆಗುತ್ತಿರಲಿಲ್ಲ. ‘ಮಳಿ ಬಂದರ’ ಎಂದು ಯಾರಾದರೂ ತಡವರಿಸಿದರೆ ಮೇಜು ಗುದ್ದಿ, “ಬಂದರ ಏನಾಕ್ಕೈತಲೇ? ಮುಂದ ಹೇಳು!” ಎಂದು ಗುಡುಗುತ್ತಿದ್ದರು. ಲಕ್ಷ್ಮೇಶ್ವರದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಆ ಗುಡುಗು ನನಗೆ ಕಿಟಕಿಯಿಂದ ಕೇಳುತ್ತಿತ್ತು. ನಮ್ಮ ಕೇರಿಯ ಮಕ್ಕಳನ್ನು ಹೊರಗೆ ಅಂಗಳದಲ್ಲೇ ಕೂರಿಸುತ್ತಿದ್ದರು.

“ಸ್ವರಾಜ್ಯ ಬಂದರ ಒಳಗ ಕುಂಡ್ರಸೋಣು” ಎಂದಿದ್ದರು ಶಾಲಾ ಕಮಿಟಿಯ ಚೇರ್ಮನ್ನರು. ಸ್ವರಾಜ್ಯ ಬಂತು. ಧ್ವಜ ಏರಿತು, ಪೇಢೆ ಹಂಚಿದರು. ನಮ್ಮ ಪೇಢೆ ಮಾತ್ರ ಮೇಲಿನಿಂದ ಅಂಗೈಗೆ ಬಿತ್ತು. ಬೇಸಿಗೆ ಬಂದರೂ ನಾವು ಅಂಗಳದಲ್ಲೇ ಇದ್ದೆವು. ಒಂದು ದಿನ ಶಾಲೆಗೆ ಬಂದ ಚೇರ್ಮನ್ನರನ್ನು ಮಾಸ್ತರರು ತಡೆದು, ನಮ್ಮನ್ನು ಒಳಗೆ ಕೂರಿಸುವ ಮಾತು ಏನಾಯಿತೆಂದು ಕೇಳಿದರು. ಚೇರ್ಮನ್ನರು ಮೀಸೆ ತೀಡುತ್ತಾ, “ಕರ್ನಾಟಕ ಒಂದಾದರ ನೋಡೋಣ್ರಿ” ಎಂದರು.

ಮಾಸ್ತರರ ಮುಖ ಕೆಂಪೇರಿತು. ಸೀದಾ ಒಳಗೆ ಹೋಗಿ ಕರಿಹಲಗೆಯನ್ನು ಹೊತ್ತು ತಂದು ನಮ್ಮ ಮುಂದೆ ನಿಲ್ಲಿಸಿ ಪಾಠ ಶುರು ಮಾಡಿದರು. ಒಳಗಿನವರೆಲ್ಲ ಹಿಂದೆಯೇ ಬಂದು ಬಿಸಿಲಿನಲ್ಲಿ ಕೂತರು, ಚೇರ್ಮನ್ನರ ಮಗನೂ.

ಚೇರ್ಮನ್ನರು ಚಡಪಡಿಸಿದರು. “ಮಾಸ್ತರ, ಹುಡುಗೂರಿಗೆ ಬಿಸಲು ಬಡಿತೈತ್ರಿ, ಒಳಗ ನಡೀರಿ!”

“ಈ ಅಂಗಳದವರೂ ಒಳಗ ಬಂದರ ನಾನೂ ಬರ್ತೀನ್ರಿ. ಈಗ ನೀವು ಮುಂದ ಹೇಳ್ರಿ.”

ಚೇರ್ಮನ್ನರು ಬೆವರುತ್ತಿದ್ದ ಮಗನನ್ನು ನೋಡಿ, “ಆತು, ಬರ್ಲಿ” ಎಂದರು.

ಅಷ್ಟೇ. ಈಗಲೂ ನೆನೆದರೆ ಮೈ ಉರಿಯುತ್ತದೆ. ನಾವು ವರ್ಷಗಟ್ಟಲೆ ಬಿಸಿಲಲ್ಲಿ ಕೂತರೂ ಆಗದ ಕೆಲಸ, ಅವರ ಮಗ ಅರ್ಧ ತಾಸು ಕೂತದ್ದಕ್ಕೆ ಆಯಿತು.