ಅಂಚು ಮುಗಿಸುವ ಮನೆ

ಮುಳಬಾಗಿಲಿನ ನಮ್ಮ ಬೀದಿಯಲ್ಲಿ ವೈರ್ ಬುಟ್ಟಿ ಹೆಣೆಯಲು ಬಾರದ ಹೆಂಗಸರೇ ಇರಲಿಲ್ಲ. ಅದನ್ನು ಮುಗಿಸಲು ಬರುತ್ತಿದ್ದುದು ಮಾತ್ರ ಒಬ್ಬರಿಗೆ, ನಮ್ಮ ಅತ್ತೆಗೆ. ಪ್ಲಾಸ್ಟಿಕ್ ವೈರಿನಲ್ಲಿ ಗಂಟಿನ ಪಕ್ಕ ಗಂಟು ಹಾಕಿ ತಳ ಕಟ್ಟುವುದು, ಸಾಲು ಏರಿಸುವುದು, ನಡುವೆ ಬಣ್ಣ ಬದಲಿಸಿ ಚೌಕುಳಿ ತರುವುದು, ಇದನ್ನೆಲ್ಲ ಕೇಳಿದವರಿಗೆ ಧಾರಾಳವಾಗಿ ಹೇಳಿಕೊಟ್ಟಿದ್ದರು. ಕೊನೆಯಲ್ಲಿ ಮೇಲೆ ಉಳಿಯುವ ತುದಿಗಳನ್ನು ಒಳಕ್ಕೆ ಮಡಿಸಿ ಅಂಚು ಮುಗಿಸುವ ವಿದ್ಯೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಸೊಸೆಯಾದ ನನಗೂ ಇಲ್ಲ. ನಾನು ಸುಗಟೂರಿನವಳು, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬೆಳೆದವಳು. "ನಿನ್ನ ಕೈಗೆ ಅದು ಬಗ್ಗಲ್ಲ ಕಣೇ" ಎಂದು ಮದುವೆಯಾದ ಹೊಸದರಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದರು.

ಹೀಗಾಗಿ ಮಧ್ಯಾಹ್ನದ ಊಟ ಮುಗಿಯುವುದೇ ತಡ, ಯಾರಾದರೊಬ್ಬರು ಮುಳ್ಳುಹಂದಿಯಂತೆ ವೈರು ನಿಗುರಿಸಿಕೊಂಡ ಅರೆಬರೆ ಬುಟ್ಟಿ ಹಿಡಿದು ನಮ್ಮ ಜಗುಲಿ ಹತ್ತುತ್ತಿದ್ದರು. "ಏಮ್ಮಾ, ರಾ, ಕೂಚೋ" ಎಂದು ಅತ್ತೆ ತೆಲುಗಿನಲ್ಲೇ ಕೂರಿಸಿಕೊಳ್ಳುತ್ತಿದ್ದರು. ಬುಟ್ಟಿ ಸೆರಗಿನ ಮರೆಗೆ ಹೋಗುತ್ತಿತ್ತು. ಒಳಗೆ ಬೆರಳುಗಳ ಕೆಲಸ, ಹೊರಗೆ ವಿಚಾರಣೆ. ಯಾರ ಮನೆಯ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ, ಯಾರ ಮಗಳ ಸಂಬಂಧ ಮುರಿಯಿತು, ಯಾರು ಯಾರ ಮೇಲೆ ಸೈಟಿನ ಕೇಸು ಹಾಕಿದ್ದಾರೆ, ಎಲ್ಲವೂ ಹೊರಬರಬೇಕು. ಸುದ್ದಿ ಸಪ್ಪೆಯಾಗಿದ್ದರೆ ಬುಟ್ಟಿ ಚಕಚಕನೆ ಮುಗಿಯುತ್ತಿತ್ತು. ಸುದ್ದಿಯಲ್ಲಿ ಖಾರವಿದ್ದರೆ ಅರ್ಧಕ್ಕೇ ನಿಲ್ಲಿಸಿ, "ಇವತ್ತು ಮಂಗಳವಾರ, ಅಂಚು ಪೂರ್ತಿ ಮಾಡ್ಬಾರ್ದು, ನಾಳೆ ಬಾ" ಎನ್ನುತ್ತಿದ್ದರು. ಉಗುರು ತೆಗೆಯುವುದಕ್ಕೂ ಪಂಚಾಂಗ ನೋಡುತ್ತಿದ್ದ ನಮ್ಮ ಮಾವ ಬದುಕಿದ್ದಾಗ ಒಮ್ಮೆ, "ಇದ್ಯಾವ ಶಾಸ್ತ್ರದಲ್ಲಿದೆಯೇ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡಿದ್ದರು.

ಮುಗಿದ ಬುಟ್ಟಿ ನಮ್ಮ ಮನೆಯಿಂದ ಬರಿದಾಗಿ ಹೊರಡಬಾರದು ಎಂಬುದೂ ಅವರದೇ ಕಾನೂನು. ಎರಡು ಟೊಮೇಟೊ ಹಾಕಿ ಕಳಿಸುತ್ತಿದ್ದರು. ಟೊಮೇಟೊಗೆ ಕೈ ಸುಡುವ ಬೆಲೆ ಬಂದ ವರ್ಷ ಶಾಸ್ತ್ರ ತಾನಾಗಿಯೇ ಒಂದು ನಿಂಬೆಹಣ್ಣಿಗೆ ಇಳಿಯಿತು.

ನಾನು ಆಡಿಕೊಳ್ಳುತ್ತೇನೆ, ನಿಜ. ಆದರೆ ಮಂಡಿನೋವು ಶುರುವಾದ ಮೇಲೆ ಅವರು ಬೀದಿಯ ತುದಿಯವರೆಗೂ ನಡೆಯಲಾರದವರಾಗಿದ್ದರು. ಅವರು ಊರಿನ ಬಳಿಗೆ ಹೋಗುವಂತಿಲ್ಲ, ಊರೇ ಅವರ ಬಳಿಗೆ ಬರಬೇಕು. ಆ ಒಂದು ಅಂಚಿಗಾಗಿ ಊರು ಬರುತ್ತಿತ್ತು. ಅದನ್ನು ಕಲಿಸಿಬಿಟ್ಟರೆ ಜಗುಲಿಯಲ್ಲಿ ತಾವೊಬ್ಬರೇ ಎಂಬುದು ಅವರಿಗೆ ನಮಗೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ನಮ್ಮೂರಿಗೆ ಕಲೆ ಬಂತು. ಹೊಸ ಬಡಾವಣೆಯಲ್ಲಿ ಮಹಡಿ ಮನೆ ಕಟ್ಟಿಸಿದ್ದ ಆಡಿಟರ್ ಒಬ್ಬರ ಹೆಂಡತಿ ಕರಕುಶಲ ಮಹಿಳೆಯರ ಬಳಗವೊಂದನ್ನು ಕಟ್ಟಿದರು. ಅದಕ್ಕೆ ಉದ್ದನೆಯ ಸಂಸ್ಕೃತದ ಹೆಸರಿತ್ತು. ನಾಲಿಗೆ ಹೊರಳದೆ ನಾವೆಲ್ಲ ಗ್ರೂಪು ಎನ್ನುತ್ತಿದ್ದೆವು. ಪ್ರತಿ ಶನಿವಾರ ಅವರ ಮಹಡಿಯ ಮೇಲೆ ಸಭೆ. ಒಬ್ಬಾಕೆ ಮಾಲೂರಿನಿಂದ ಹೆಂಚು ತರಿಸಿ ಅದರ ಮೇಲೆ ನವಿಲು ಬರೆಯುತ್ತಿದ್ದಳು, ನವಿಲಿಗೆ ಕೋಳಿಯ ಕಾಲು ಬರುತ್ತಿತ್ತು. ಇನ್ನೊಬ್ಬಾಕೆ ರೇಷ್ಮೆಗೂಡು ಕತ್ತರಿಸಿ ಹಾರ ಮಾಡುತ್ತಿದ್ದಳು. ಆ ಹಾರ ಹಾಕಿಸಿಕೊಂಡ ಕೋಲಾರದ ಮುಖ್ಯ ಅತಿಥಿಯೊಬ್ಬರು ಭಾಷಣ ಮುಗಿಯುವವರೆಗೂ ಕುತ್ತಿಗೆ ಕೆರೆದುಕೊಳ್ಳುತ್ತಿದ್ದರು. ನಾನು ಏನನ್ನೂ ಮಾಡುತ್ತಿರಲಿಲ್ಲ, ಅಲ್ಲಿ ಕೊಡುತ್ತಿದ್ದ ಕೋಡುಬಳೆ ಚೆನ್ನಾಗಿತ್ತು.

ಈ ಗ್ರೂಪಿನಲ್ಲಿ ಕೈ ಕೆಲಸಕ್ಕಿಂತ ಸ್ಫೂರ್ತಿಯ ಕಾಟ ಹೆಚ್ಚು. ಏನೇ ಮಾಡಿದರೂ ಎದ್ದು ನಿಂತು, ಇದಕ್ಕೆ ಮನೆಯಲ್ಲಿ ಯಾರು ಸ್ಫೂರ್ತಿ ಎಂದು ಹೇಳಲೇಬೇಕು. ಮಾಸ್ತಿಯ ಕಡೆಯ ಒಬ್ಬಾಕೆ, ಜೀವಮಾನವಿಡೀ ಎಮ್ಮೆ ಬಿಟ್ಟು ಬೇರೇನನ್ನೂ ಪ್ರೀತಿಸದ ತನ್ನ ಅಜ್ಜಿಯನ್ನು ನೆನೆದು ಬಾಟಲಿಯ ಮೇಲಿನ ಬಣ್ಣದ ಚಿತ್ತಾರವನ್ನು ಅರ್ಪಿಸಿ ಕಣ್ಣೊರೆಸಿಕೊಂಡಳು. ನನ್ನ ಸರದಿ ಬಂದಾಗ ತೋರಿಸಲು ಏನೂ ಇರಲಿಲ್ಲವಾದ್ದರಿಂದ ಅತ್ತೆಯ ಹೆಸರು ಹೇಳಿ ಕೂತೆ. ಆಗಲೇ ಎಡವಟ್ಟಾಯಿತು. ಮುಂದಿನ ವಾರ ಇಡೀ ಗ್ರೂಪು ನಮ್ಮ ಮನೆಗೇ ಬಂತು. ಅತ್ತೆಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಎಷ್ಟೊಂದು ಫೋಟೋ ತೆಗೆದರೆಂದರೆ ಅತ್ತೆ ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ನಮಗೂ ಕಲಿಸಿ ಎಂದು ಎಲ್ಲರೂ ದುಂಬಾಲು ಬಿದ್ದರು.

ಅತ್ತೆ ಕಲಿಸಿದರು. ತಳ ಕಲಿಸಿದರು, ಸಾಲು ಕಲಿಸಿದರು, ಚೌಕುಳಿ ಕಲಿಸಿದರು. ಅಂಚಿನ ಹತ್ತಿರ ಬಂದಾಗ ಗೋಡೆಯ ಕ್ಯಾಲೆಂಡರ್ ನೋಡಿ, "ಅಯ್ಯೋ, ಮಂಗಳವಾರ" ಎಂದರು.

ಆಮೇಲಿನ ಕೆಲವು ವಾರ ನಮ್ಮ ಜಗುಲಿಗೆ ಹಬ್ಬ. ಹಳೆಯ ಗಿರಾಕಿಗಳ ಜೊತೆಗೆ ಈ ಕಲಾವಿದೆಯರೂ ಸೇರಿ ಚಪ್ಪಲಿ ಬಿಡಲೂ ಜಾಗವಿಲ್ಲ. ಟೀ ಸೋಸಿ ಸೋಸಿ ನನ್ನ ಕೈ ಬಿದ್ದುಹೋಗಿತ್ತು. ಅತ್ತೆಯ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು.

ಗ್ರೂಪಿನಲ್ಲಿ ಶ್ರೀನಿವಾಸಪುರದ ಹುಡುಗಿಯೊಬ್ಬಳಿದ್ದಳು, ಮದುವೆಯಾಗಿ ನಮ್ಮ ಹಿಂದಿನ ಬೀದಿಗೆ ಬಂದವಳು. ಪಾಪ, ಒಳ್ಳೆಯವಳು, ಆದರೆ ತಾಳ್ಮೆಯಿಲ್ಲ. ಎರಡು ಸಲ ಮಂಗಳವಾರಕ್ಕೆ ಸಿಕ್ಕಿಬಿದ್ದ ಮೇಲೆ ಫೋನಿನಲ್ಲಿ ಹುಡುಕಿ, ಯಾವುದೋ ತಮಿಳು ವೀಡಿಯೊ ನೋಡಿ ಅಂಚು ಮುಗಿಸಿಯೇಬಿಟ್ಟಳು. ಅತ್ತೆಗೆ ಖುಷಿಯಾಗುತ್ತದೆಂದು ಅದನ್ನು ಮೊದಲು ಅವರಿಗೇ ತಂದು ತೋರಿಸಿದಳು.

"ನೋಡಿ ಅಜ್ಜಿ, ನಾನೇ ಹಾಕ್ದೆ!"

ಅತ್ತೆ ಬುಟ್ಟಿಯನ್ನು ತಿರುಗಿಸಿ ನೋಡಿದರು, ಅಂಚನ್ನು ಉಗುರಿನಿಂದ ಕೆದಕಿದರು, ಎರಡೂ ಕೈಯಿಂದ ಜಗ್ಗಿದರು. "ಭಾರ ತಡೆಯಲ್ಲಮ್ಮ ಇದು" ಎಂದು ನನ್ನಿಂದ ತೆಂಗಿನಕಾಯಿ ತರಿಸಿ ಅದರೊಳಗೆ ತುಂಬಿಸಿದರು. ಬುಟ್ಟಿ ತಡೆಯಿತು. ರುಬ್ಬುವ ಗುಂಡನ್ನೂ ಇಡಿಸಿದರು. ಹಾಳು ಬುಟ್ಟಿ, ಅದನ್ನೂ ತಡೆಯಿತು. "ಪರ್ವಾಗಿಲ್ಲ" ಎಂದು ವಾಪಸು ಕೊಟ್ಟರು. ಟೊಮೇಟೊ ಹಾಕುವುದನ್ನು ಮರೆತರು, ಅಥವಾ ಮರೆಯಲಿಲ್ಲ.

ವೀಡಿಯೊ ಅದೇ ಸಂಜೆ ಗ್ರೂಪಿನ ವಾಟ್ಸಾಪಿಗೆ ಬಂತು, ಅಲ್ಲಿಂದ ಬೀದಿಗೆಲ್ಲ ಹರಡಿತು. ಅತ್ತೆಯ ಶಾಲಿನ ಫೋಟೋಗೆ ಕೈ ಮುಗಿದಿದ್ದವರೇ ಅದಕ್ಕೂ ಕೈ ಮುಗಿದರು. ಮುಂದಿನ ವಾರ ನಮ್ಮ ಜಗುಲಿ ಹತ್ತಿದ್ದು ಹಾಲಿನವನೊಬ್ಬನೇ. ಸ್ಫೂರ್ತಿ ಎಂದು ಹಾಡಿ ಹೊಗಳಿದವರಲ್ಲಿ ಒಬ್ಬಳಾದರೂ ಆ ಸ್ಫೂರ್ತಿ ಊಟ ಮಾಡಿತೇ ಎಂದು ಕೇಳಲು ಬರಲಿಲ್ಲ. ನನಗೆ ಸಿಟ್ಟು ಬಂತು. ಟೀ ಸೋಸುವುದು ತಪ್ಪಿತೆಂದು ಮೊದಲೆರಡು ದಿನ ಹಾಯಾಗಿದ್ದವಳು ನಾನೇ, ಆದರೂ ಸಿಟ್ಟು ಬಂತು. ಅತ್ತೆ ಮಾತ್ರ ಊಟವಾದ ಮೇಲೆ ಎಂದಿನಂತೆ ಜಗುಲಿಗೆ ಬಂದು ಕೂರುತ್ತಿದ್ದರು. "ಬಿಸಿಲು ಜಾಸ್ತಿ, ಅದ್ಕೇ ಯಾರೂ ಬಂದಿಲ್ಲ" ಎನ್ನುತ್ತಿದ್ದರು. ಮೋಡ ಮುಚ್ಚಿದ ದಿನವೂ ಅದನ್ನೇ ಹೇಳಿದರು.

ಒಂದು ಶನಿವಾರ ನಾನು ಹೊರಡುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟಿ ನಿಂತಿದ್ದರು.

"ನಾನೂ ಬರ್ತೀನಿ, ಆಟೋ ಕರಿ."

"ಅಲ್ಲಿ ಮಹಡಿ ಹತ್ಬೇಕು ಅತ್ತೆ."

"ಹತ್ತಿದ್ರಾಯ್ತು, ಎಲ್ರೂ ಹತ್ತಲ್ವಾ?"

ಹತ್ತಿದರು. ಗೋಡೆ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಊರಿ, ನಡುವೆ ಕೂತು, ಕಟ್ಟಿಸಿದವರ ವಂಶವನ್ನೆಲ್ಲ ಬೈದು. ಮೇಲೆ ಹೋದಾಗ ಎಲ್ಲರೂ ಗಾಬರಿಯಿಂದ ಎದ್ದು ನಿಂತರು. ಜಗಳಕ್ಕೇ ಬಂದಿದ್ದಾರೆಂದುಕೊಂಡರು, ನಾನೂ ಹಾಗೇ ಅಂದುಕೊಂಡಿದ್ದೆ. ಅತ್ತೆ ನೇರವಾಗಿ ಶ್ರೀನಿವಾಸಪುರದ ಹುಡುಗಿಯ ಪಕ್ಕ ಹೋಗಿ ಕೂತು, ಚೀಲದಿಂದ ಅರೆಬರೆ ಬುಟ್ಟಿಯೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟರು.

"ನಂಗೆ ಈ ಅಂಚು ಸರಿಯಾಗಿ ಬರಲ್ಲಮ್ಮ. ನಿನ್ನ ಫೋನಲ್ಲಿ ಹೇಗೋ ಹಾಕ್ತಾರಂತಲ್ಲ, ಸ್ವಲ್ಪ ಹೇಳ್ಕೊಡು."

ಹುಡುಗಿ ನನ್ನ ಮುಖ ನೋಡಿದಳು. ನಾನು ಕೋಡುಬಳೆ ನೋಡಿದೆ. ಅವಳು ಫೋನು ತೆಗೆದು ಹೇಳಿಕೊಡತೊಡಗಿದಳು. ಅತ್ತೆ ಒಂದು ತುದಿಯನ್ನು ತಪ್ಪಾಗಿ ಮಡಿಸಿದರು, ಬಿಚ್ಚಿಸಿಕೊಂಡರು, ಮತ್ತೆ ತಪ್ಪಾಗಿ ಮಡಿಸಿದರು. ತಪ್ಪುಗಳ ನಡುವೆ, "ನಿಮ್ಮತ್ತೆ ಊಟಕ್ಕೇನೂ ಕಷ್ಟ ಕೊಡಲ್ಲ ತಾನೇ?" ಎಂದು ಮೆಲ್ಲಗೆ ಕೇಳಿದರು. ಅಷ್ಟೇ ಸಾಕಾಯಿತು. ಆ ಹುಡುಗಿ ಸಂಜೆಯವರೆಗೂ ಮಾತಾಡಿದಳು, ಮಿಕ್ಕವರು ಹೆಂಚು, ಬಾಟಲಿಗಳನ್ನು ಪಕ್ಕಕ್ಕಿಟ್ಟು ಸುತ್ತ ಬಂದು ಕೂತರು. ಹೊರಡುವಾಗ ಅಂಚು ಮುಗಿದಿತ್ತು. "ನನ್ ತಲೆಗೆ ಇನ್ನೂ ಹತ್ತಿಲ್ಲ ಕಣಮ್ಮ, ಮುಂದಿನ ವಾರಾನೂ ಬರ್ತೀನಿ" ಎಂದು ಅತ್ತೆ ಅವಳ ಗಲ್ಲ ಸವರಿದರು.

ಆಟೋ ನಮ್ಮ ಬೀದಿಗೆ ತಿರುಗುವ ಮೊದಲೇ ಅವರು ಬುಟ್ಟಿಯನ್ನು ಸೆರಗಿನ ಮರೆಗೆ ಎಳೆದುಕೊಂಡಿದ್ದರು. ಹುಡುಗಿ ಅಷ್ಟು ಹೊತ್ತು ಕಷ್ಟಪಟ್ಟು ಮಡಿಸಿದ್ದ ಅಂಚನ್ನು ಒಂದೊಂದೇ ತುದಿ ಹಿಡಿದು ಬಿಚ್ಚುತ್ತಿದ್ದರು.

"ಅದ್ಯಾಕೆ ಅತ್ತೆ ಬಿಚ್ತಿದೀರಾ?"

"ಮತ್ತೆ? ಮುಗಿದಿರೋ ಬುಟ್ಟಿ ತಗೊಂಡ್ ಹೋದ್ರೆ ನನ್ನ ಯಾರೇ ಕೂರಿಸ್ಕೊಳ್ತಾರೆ?" ಎಂದರು ಅತ್ತೆ.