ಖಾಲಿ ಆಕಾಶದ ಹೆಲಿಕಾಪ್ಟರ್

ಕೊಟ್ಟೂರಿನ ನಮ್ಮ ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರಿದ್ದರು. ನೆಲದಲ್ಲಿ ನಿಂತು ರಿಮೋಟಿನಿಂದ ಹಾರಿಸುವ ಪುಟ್ಟ ಆಟಿಕೆ ಹೆಲಿಕಾಪ್ಟರನ್ನು ಬೊಂಬಾಯಿಯಿಂದ ತರಿಸಬೇಕೆಂಬುದು ಅವರ ಆಸೆ. ಕ್ಯಾಟಲಾಗಿನಲ್ಲಿ ನಾನು ಚೆಂದದ್ದೊಂದನ್ನು ತೋರಿಸಿದರೆ ಪ್ರತಿ ಸಲವೂ ಒಂದೇ ಮಾತು: "ಹೊಸಬ್ರಿಗೆ ಇದು ಬ್ಯಾಡ್ರಿ. ಮೊದ್ಲು ಗಾಳ್ಯಾಗ ಒಂದ್ಕಡಿ ನಿಲ್ಸಾದು ಕಲೀಬೇಕು."

ಅದು ಬರುವ ಮೊದಲೇ ಕಲಿಯಲೆಂದು ಕಟ್ಟಿಗೆಯ ಡಬ್ಬಿಗೆ ರಿಮೋಟಿನಂತೆ ಎರಡು ಕಡ್ಡಿ ಸಿಕ್ಕಿಸಿಕೊಂಡು, ಸಂಜೆ ಕೆರೆಯಂಗಳದಲ್ಲಿ ಖಾಲಿ ಆಕಾಶ ನೋಡುತ್ತ ಹೆಬ್ಬೆರಳು ಆಡಿಸುತ್ತಿದ್ದರು. ಒಮ್ಮೆ ಹಿಂದಿನಿಂದ ಹೋಗಿ, "ಚಾ ಆತೇನ್ರಿ?" ಎಂದೆ. ಬೆರಳು ನಿಂತವು.

"ಮಾತಾಡ್ಸಿಬಿಟ್ರಲ್ರಿ, ಬಿತ್ತು ನೋಡ್ರಿ," ಎಂದವರೇ ದೂರ ನಡೆದು ಹೋಗಿ, ಕುಕ್ಕುರುಗಾಲಲ್ಲಿ ಕೂತು ಹುಲ್ಲು ಸರಿಸಿದರು. ನಗಲು ಹೋದವನು ನಗಲಾರದೆ ನಾನೂ ಹುಡುಕಿದೆ.

ಹೆಲಿಕಾಪ್ಟರ್ ಕೊನೆಗೂ ಬರಲಿಲ್ಲ. ಈಗ ಅವರೂ ಇಲ್ಲ. ಆದರೂ ಆ ಕೆರೆಯಂಗಳ ದಾಟುವಾಗ, ಜೊತೆಗಿದ್ದವರು ಏನು ಕೇಳಿದರೂ ಆಚೆ ಮುಟ್ಟುವವರೆಗೆ ನಾನು ಮಾತಾಡುವುದಿಲ್ಲ.